ಕೊಳೆತ ನೂಲಿನ ರಜಾಯಿ

"ಎಂತ ಮಾರಾಯ್ರೆ ಇದು? ನೂಲಾ, ಶ್ಯಾವಿಗೆಯಾ?"

ಕಾಂತಿ ನೂಲಿನ ರೀಲನ್ನು ಮೇಜಿನ ಮೇಲೆ ಕುಟ್ಟಿದಳು. ಪಾಣೆಮಂಗಳೂರು ಪೇಟೆಯ ಮೊಯಿದಿನಬ್ಬನವರ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದು ಕೊಡುವ ರಮಾನಾಥ ಅದನ್ನು ಎತ್ತಿ, ತಿರುಗಿಸಿ ನೋಡಿ, ದೊಡ್ಡ ವೈದ್ಯನ ಹಾಗೆ ಮುಖ ಮಾಡಿದ.

"ಮಿಷನಿನ ಬಿಗಿ ಜಾಸ್ತಿಯಾಗಿರಬೇಕು. ಸ್ವಲ್ಪ ಸಡಿಲ ಮಾಡಿ ನೋಡಿ."

"ಮಾಡಿದೆ."

"ಸೂಜಿ ಬದಲಿಸಿದಿರಾ?"

"ಬದಲಿಸಿದೆ. ಎಣ್ಣೆಯೂ ಬಿಟ್ಟೆ. ಇನ್ನು ನಿಮ್ಮ ತಲೆಗೆ ಬಿಡುವುದೊಂದು ಬಾಕಿ."

ಹೇಳಿ ಅವನನ್ನೊಮ್ಮೆ ನೋಡಿದಳು. ಸಂತೆಯಲ್ಲಿ ಬಾಡಿದ ಬಸಳೆಯ ಕಟ್ಟನ್ನು ಎತ್ತಿ ನೋಡಿ ಮತ್ತೆ ಕೆಳಗಿಡುವವರ ನೋಟ ಅದು. ರಮಾನಾಥನಿಗೆ ಅಷ್ಟೇ ಸಾಕಿತ್ತು. ಆ ನೋಟವನ್ನೇ ನೆನೆದುಕೊಂಡು ಅವಳು ಮತ್ತೆ ಬರುವವರೆಗೆ ಬದುಕುವಷ್ಟು ಅಗ್ಗದ ಮನುಷ್ಯ ಅವನು.

ಅವಳು ಹೊಲಿಯುತ್ತಿದ್ದದ್ದು ಒಂದು ರಜಾಯಿ. ಬೆಳ್ತಂಗಡಿಯ ಅಕ್ಕಿ ಗಿರಣಿಯ ಶಂಭು ಒಮ್ಮೆ ಊಟಿಗೆ ಹೋಗಿ, ಹೋಟೆಲಿನಲ್ಲಿ ಮಿಷನ್ ಹೊಲಿಗೆಯ ಹಸಿರು ರಜಾಯಿ ಹೊದ್ದು ಮಲಗಿ ಬಂದಿದ್ದ. ಬಂದ ಮೇಲೆ ಮಹಾರಾಯನಿಗೆ ನಮ್ಮ ಮೇ ತಿಂಗಳ ಸೆಕೆಯಲ್ಲೂ ಚಳಿ! ಊಟಿಯ ಸುದ್ದಿ ಹೇಳುವುದು ಬಿಟ್ಟರೆ ಅವನಿಗೆ ಬೇರೆ ಕಸುಬೂ ಇರಲಿಲ್ಲ. ಅಂಥ ರಜಾಯಿ ಹೊಲಿದು ಕೊಡುವ ಹುಡುಗಿಯೇ ತನ್ನ ಸೊಸೆ ಎಂದು ಅವನ ತಾಯಿ ಅಮ್ಮಣ್ಣಿ ಸಾರಿಬಿಟ್ಟಳು.

ಸಿದ್ಧಕಟ್ಟೆಯ ಕಾಂತಿಯ ಹತ್ತಿರ ಬೊಂಬಾಯಿಯಿಂದ ತರಿಸಿದ ಹೊಲಿಗೆ ಮಿಷನ್ ಇತ್ತು, ಮೂಡಬಿದಿರೆಯವರೆಗೆ ಅವಳ ಕೈಯ ಹೊಲಿಗೆಗೆ ಹೆಸರಿತ್ತು. ಅವಳನ್ನು ಸಾಕಿದ ಸೋದರಮಾವ ಮುಂಡಪ್ಪ ಹುಡುಗನ ಮುಖ ನೋಡದೆ, ಗಿರಣಿಯ ಚಿಮಣಿ ನೋಡಿಯೇ ಮಾತು ಕೊಟ್ಟ. ರಜಾಯಿ ಬೆಳ್ತಂಗಡಿಗೆ ತಲುಪಿ ಒಪ್ಪಿಗೆಯಾದರೆ ಸಾಕು, ನಿಶ್ಚಿತಾರ್ಥ.

ಮೊದಲು ಬಟ್ಟೆಯೇ ಸಿಗಲಿಲ್ಲ. ಬಂಟ್ವಾಳ, ಮೂಡಬಿದಿರೆ ಎಲ್ಲ ಸುತ್ತಿ ಕಾಂತಿ ಮೊಯಿದಿನಬ್ಬನವರ ಅಂಗಡಿಗೆ ಬಂದಿದ್ದಳು.

"ಊಟಿಯ ಹಸಿರೇ ಆಗಬೇಕಂತೆ," ಎಂದಿದ್ದಳು.

"ಅದು ಹೇಗಿರ್ತದೆ?"

"ಕೇಳಿ ಕಳಿಸಿದೆ. ತಣ್ಣಗೆ ಇತ್ತು ಅಂತ ಉತ್ತರ ಬಂತು."

ಇಬ್ಬರೂ ಒಟ್ಟಿಗೆ ನಕ್ಕಿದ್ದರು. ರಮಾನಾಥ ಮಂಗಳೂರಿನಿಂದ ಒಂದು ಥಾನು ಹಸಿರು ಬಟ್ಟೆ ತರಿಸಿದ. ಅವಳು ಅದರ ತುದಿಯನ್ನು ಬಾಗಿಲ ಬೆಳಕಿಗೆ ಹಿಡಿದಾಗ ತೆಳು ಹಸಿರಿನಾಚೆ ಅವಳ ಮುಖ, ಅರ್ಧ ಮುಚ್ಚಿದ ಕಣ್ಣು, ಕಿವಿಯ ಹತ್ತಿರ ಬೆವರಿಗೆ ಅಂಟಿದ ಕೂದಲು ಕಂಡವು. ಅವಳನ್ನೇ ನೋಡುತ್ತಾ ಅವನು ಬಟ್ಟೆಯನ್ನು ಸೊಟ್ಟಗೆ ಕತ್ತರಿಸಿದ. ಅವಳು ಬೈದಳು. ಅವನು ಅಲ್ಲೇ ಸೋತುಹೋದ.

ಸೋತವನು ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಕಳೆದ ಮಳೆಗಾಲದಲ್ಲಿ ಅಂಗಡಿಯ ಮಾಡು ಸೋರಿ ಒಂದು ಪೆಟ್ಟಿಗೆ ನೂಲು ಒದ್ದೆಯಾಗಿ ಕೊಳೆತಿತ್ತು. ಬಿಸಾಡು ಎಂದು ಮೊಯಿದಿನಬ್ಬ ಹೇಳಿದ್ದರೂ ರಮಾನಾಥ ಅದನ್ನು ಡ್ರಾಯರಿನಲ್ಲಿ ಅಡಗಿಸಿಟ್ಟಿದ್ದ. ಊರವರಿಗೆಲ್ಲ ಒಳ್ಳೆಯ ನೂಲು, ಕಾಂತಿಗೆ ಮಾತ್ರ ಆ ಡ್ರಾಯರಿನದು. ಒಳಗಿನ ಹತ್ತಿ ದಪ್ಪವಾದಲ್ಲೆಲ್ಲ ಅದು ತುಂಡಾಗುತ್ತಿತ್ತು, ಬಟ್ಟೆಯ ಅಡಿಯಲ್ಲಿ ಗಂಟು ಕಟ್ಟುತ್ತಿತ್ತು. ಅವಳು ಹೊಲಿಗೆ ಬಿಚ್ಚಿ ಮತ್ತೆ ಅಂಗಡಿಗೆ ಬರುತ್ತಿದ್ದಳು. ಮದುವೆ ತಪ್ಪಿಸಲು ಆ ಗಂಡಸು ಮಾಡಿದ ಘನಕಾರ್ಯ ಇದು. ಥೂ ಎನ್ನಬೇಕು.

ಹೀಗೇ ನಡೆದಿರುವಾಗ ಒಂದು ದಿನ ಮೊಯಿದಿನಬ್ಬನವರೇ ಕಾಂತಿಯ ಗೋಳು ಕೇಳಿಸಿಕೊಂಡರು.

"ಎಂತ ರಮಾನಾಥ, ಹೊಸ ಮಾಲು ಉಂಟಲ್ಲ ಮಾರಾಯ, ಅದನ್ನು ಕೊಡು!" ಎಂದು ತಾವೇ ಎದ್ದು, ಮೇಲಿನ ಹಲಗೆಯಿಂದ ಒಳ್ಳೆಯ ರೀಲು ತೆಗೆದು ಅವಳ ಕೈಗಿತ್ತರು. ಅವಳು ನೂಲಿನ ತುದಿಯನ್ನು ಎರಡೂ ಕೈಯಲ್ಲಿ ಎಳೆದಳು. ತುಂಡಾಗಲಿಲ್ಲ. ರಮಾನಾಥನನ್ನು ಒಮ್ಮೆ ನೋಡಿ, ಸೆರಗು ಸಿಕ್ಕಿಸಿಕೊಂಡು ಹೊರಟುಬಿಟ್ಟಳು.

ಇನ್ನು ರಜಾಯಿ ಮುಗಿಯುತ್ತದೆ. ರಮಾನಾಥ ಗಜಕೋಲನ್ನು ಅಲ್ಲೇ ಎಸೆದು ಓಡಿದ. ಅವಳು ಬಿ.ಸಿ.ರೋಡಿನಲ್ಲಿ ಊರಿನ ಬಸ್ಸು ಹಿಡಿಯಲೆಂದು ನೇತ್ರಾವತಿಯ ಸೇತುವೆ ದಾಟುತ್ತಿದ್ದಳು.

"ಕಾಂತಿ! ಒಂದು ನಿಮಿಷ ನಿಲ್ಲಿ!"

ಅವಳು ನಿಂತಳು. ಅವನು ಏದುಸಿರು ಬಿಡುತ್ತಾ ಡ್ರಾಯರಿನ ಕಥೆ ಪೂರ್ತಿ ಹೇಳಿದ. ಹೇಳಿ, ಹೊಡೆಯುತ್ತಾಳೇನೋ ಎಂದು ಒಂದು ಹೆಜ್ಜೆ ಹಿಂದೆ ಸರಿದ.

"ಗೊತ್ತುಂಟು," ಎಂದಳು ಕಾಂತಿ.

"ಹೇಗೆ?"

"ನೂಲನ್ನು ಎಳೆದು ನೋಡದೆ ತೆಗೆದುಕೊಳ್ಳುವವಳು ಹೊಲಿಗೆಯವಳಾ? ಮೊದಲನೇ ರೀಲು ನಿಮ್ಮ ಎದುರೇ ತುಂಡು ಮಾಡಿ ನೋಡಿದ್ದೆ. ನೀವು ನನ್ನ ಮುಖ ನೋಡ್ತಾ ಇದ್ದಿರಿ, ಕೈ ನೋಡಲಿಲ್ಲ. ಸಿದ್ಧಕಟ್ಟೆಯಲ್ಲೂ ನೂಲು ಸಿಗ್ತದೆ. ಕೊಳೆತದ್ದಕ್ಕೆ ಬಸ್ಸು ಹತ್ತಿ ಇಲ್ಲಿಯವರೆಗೆ ಬರಲು ನನಗೆ ಹುಚ್ಚಾ?"

ರಮಾನಾಥ ಸೇತುವೆಯ ಕಂಬಿ ಹಿಡಿದುಕೊಂಡ.

"ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ನೀವು ಸೂಜಿ ಬದಲಿಸಿ, ಎಣ್ಣೆ ಬಿಡಿ ಅಂತ ಹೇಳ್ತಾ ಕೂತಿರಿ. ಎಂಥ ಗಂಡಸು ನೀವು?" ಅವಳ ಕಣ್ಣು ತುಂಬಿತು. ಅದಕ್ಕೂ ಅವನನ್ನೇ ಬೈಯುವವಳಂತೆ ಮುಖ ತಿರುಗಿಸಿದಳು.

ರಮಾನಾಥನಿಗೆ ಒಮ್ಮೆಲೇ ಧೈರ್ಯ ಬಂತು. "ಆ ರೀಲು ಕೊಡಿ, ಹೊಳೆಗೆ ಎಸೀತೇನೆ."

"ಒಳ್ಳೆ ನೂಲನ್ನು ಯಾರಾದರೂ ಹೊಳೆಗೆ ಹಾಕ್ತಾರಾ? ಬುದ್ಧಿ ಇಲ್ಲವಾ?" ಅವಳು ರೀಲನ್ನು ಚೀಲದೊಳಗೆ ಭದ್ರವಾಗಿಟ್ಟಳು. "ಕೇಳಿ. ನಿಮ್ಮ ಕೊಳೆತ ನೂಲಿನಲ್ಲೂ ಹೊಲಿಯಲಿಕ್ಕೆ ಆಗ್ತದೆ. ಬಿಗಿ ಪೂರ್ತಿ ಸಡಿಲಿಸಿ, ಚಕ್ರ ಮೆಲ್ಲ ತಿರುಗಿಸಬೇಕು. ನೋಡಲು ಚಂದವೇ. ಆದರೆ ಶಂಭು ಒಂದು ಸಲ ಮಗ್ಗುಲು ತಿರುಗಿದರೆ ಮುಗೀತು. ಸಂಬಂಧ ಬಿಟ್ಟುಹೋಗ್ತದೆ. ನನ್ನ ಹೆಸರೂ ಹೋಗ್ತದೆ. ಆ ಮೇಲೆ ನೀವು ಮಾವನ ಹತ್ತಿರ ಬಂದು ಕೇಳ್ತೀರಾ, ಇಲ್ಲವಾ?"

"ಬರ್ತೇನೆ."

"ನೋಡುವ," ಎಂದಳು ಕಾಂತಿ. ನಂಬಿಕೆಯ ಒಂದು ಎಳೆಯೂ ಆ ಮಾತಿನಲ್ಲಿರಲಿಲ್ಲ.

ರಜಾಯಿ ಬೆಳ್ತಂಗಡಿಗೆ ಹೋಯಿತು. ಶಂಭು ಅದನ್ನು ಹೊದ್ದು, ಊಟಿಯನ್ನು ನೆನೆದು, ಹಾಯಾಗಿ ಮಗ್ಗುಲು ತಿರುಗಿದ. ಬೆಳಿಗ್ಗೆ ಬಾಯಿಗೆ, ಮೂಗಿಗೆಲ್ಲ ಹತ್ತಿ ಮೆತ್ತಿಕೊಂಡು ಸೀನುತ್ತಾ ಹೊರಗೆ ಬಂದ. ಹೊಲಿಗೆ ಬಾರದವಳನ್ನು ತನ್ನ ಮಗನಿಗೆ ಕಟ್ಟಲು ನೋಡಿದರು ಎಂದು ಅಮ್ಮಣ್ಣಿ ಊರೆಲ್ಲ ಸಾರಿದಳು. ಕಾಂತಿಯ ಹತ್ತಿರ ರವಿಕೆ ಹೊಲಿಸುತ್ತಿದ್ದವರೂ ಬಟ್ಟೆ ವಾಪಸು ಒಯ್ದರು. ಆ ದಿನ ಅವಳು ಮಿಷನಿನ ಮೇಲೆ ತಲೆಯಿಟ್ಟು ಅತ್ತಳು.

ಅದರ ಮಾರನೆಯ ದಿನವೇ ರಮಾನಾಥ ಸಿದ್ಧಕಟ್ಟೆಗೆ ಬಂದ. ಮುಂಡಪ್ಪ ಜಗಲಿಯಲ್ಲಿ ಎಲೆ ಅಡಿಕೆ ಜಗಿಯುತ್ತಾ ಕೂತಿದ್ದ. ಕೂರು ಎನ್ನಲಿಲ್ಲ. ಬಂದವರಿಗೆ ಕೊಡುವ ಬೆಲ್ಲ, ನೀರನ್ನೂ ತರಿಸಲಿಲ್ಲ.

"ಕಾಂತಿಯನ್ನು ಕೇಳಲಿಕ್ಕೆ ಬಂದೆ, ಮುಂಡಪ್ಪಣ್ಣ."

ಮುಂಡಪ್ಪ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ ನಕ್ಕ. "ಅಂಗಡಿಯಲ್ಲಿ ಬಟ್ಟೆ ಹರಿಯುವವನು. ಆಗಲಿ, ಇನ್ನು ಅವಳನ್ನು ಕೇಳುವವರು ಯಾರುಂಟು? ಅವಳಿಗೆ ಹೊಲಿಗೆ ಬರುವುದಿಲ್ಲ, ಗೊತ್ತುಂಟಾ?"

ಹೌದು ಎಂದಿದ್ದರೆ ಕೆಲಸ ಆಗುತ್ತಿತ್ತು. ಬಾಗಿಲ ಹಿಂದೆ ನಿಂತ ಕಾಂತಿಯೂ ಹಾಗೇ ಹೇಳಲಿ ಎಂದು ಉಸಿರು ಬಿಗಿಹಿಡಿದಿದ್ದಳು.

"ಬರುತ್ತದೆ," ಎಂದ ರಮಾನಾಥ. "ಅವರಷ್ಟು ಚೆನ್ನಾಗಿ ಹೊಲಿಯುವವರು ಈ ಸುತ್ತಿನಲ್ಲಿ ಯಾರೂ ಇಲ್ಲ. ನೂಲು ನಾನು ಕೊಟ್ಟದ್ದು. ಕೊಳೆತದ್ದು ಅಂತ ಗೊತ್ತಿದ್ದೇ ಕೊಟ್ಟೆ. ಬೆಳ್ತಂಗಡಿಗೆ ಬಂದು ಹೇಳಬೇಕಾದರೆ ಅಲ್ಲಿಯೂ ಹೇಳ್ತೇನೆ."

ಮುಂಡಪ್ಪನ ಜಗಿತ ನಿಂತಿತು. ಅವನು ಎದ್ದು ನಿಂತ.

"ಏನಾ! ಕೊಳೆತ ನೂಲು ಕೊಟ್ಟು ಮನೆಯ ಮಾನ ತೆಗೆದವನಿಗೆ ನಾನು ಹೆಣ್ಣು ಕೊಡಬೇಕಾ? ಇಳಿ ಜಗಲಿಯಿಂದ!"

ರಮಾನಾಥ ಅಲುಗಲಿಲ್ಲ. ಬಾಗಿಲ ಹಿಂದಿನಿಂದ ಕಾಂತಿ ಹೊರಗೆ ಬಂದಳು. ಕೈಯಲ್ಲಿ ಒಂದು ತಟ್ಟೆ, ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ಚೊಂಬು ನೀರು.

"ತೆಗೆದುಕೊಂಡವಳು ನಾನು, ಮಾವ," ಎಂದಳು. "ಗೊತ್ತಿದ್ದೇ ತೆಗೆದುಕೊಂಡೆ."

ಮುಂಡಪ್ಪ ಅವಳನ್ನು ನೋಡಿದ, ಇವನನ್ನು ನೋಡಿದ. ಆಮೇಲೆ ಅಂಗಳಕ್ಕೆ ಉಗಿದು ಬಂದು ಮತ್ತೆ ಕೂತ.

"ಇಬ್ಬರೂ ಹಾಳಾಗಿ ಹೋಗಿ," ಎಂದ. ಎಲೆ ಅಡಿಕೆಯ ತಟ್ಟೆಯನ್ನು ಬದಿಗೆ ಸರಿಸಿ, "ನಿಂತುಕೊಂಡು ಯಾರಾದರೂ ನೀರು ಕುಡೀತಾರಾ? ಕೂತುಕೋ," ಎಂದ.

ರಮಾನಾಥ ಕೂತ. ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡ. ಕಾಂತಿ ಅದೇ ಹಳೆಯ ಬಸಳೆಯ ನೋಟದಿಂದ ಅವನನ್ನು ನೋಡಿದಳು. ಈ ಸಲ ಮಾತ್ರ ಕೆಳಗಿಡಲಿಲ್ಲ.