ಗಂಗೆ ಪೂಜೆಯ ಬಕೀಟು

ಎರಡು ಸಾವಿರದ ಐವತ್ತರ ಆ ಬೆಳಿಗ್ಗೆಯೂ ಡೋಣಿ ನದಿಯ ದಂಡೆಯ ಕಪ್ಪು ಮಣ್ಣಿನಲ್ಲಿ ಗೋಧಿಯ ಬೇರು ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಆ ಬೇರು ಒಸರುವ ರಸ ಮಣ್ಣಿನ ಕೆಲವು ಸೂಕ್ಷ್ಮಾಣುಗಳ ಕೈ ಕಟ್ಟಿಹಾಕುತ್ತದೆ. ಆಗ ಹೊಲಕ್ಕೆ ಹಾಕಿದ ಯೂರಿಯಾ, ನೈಟ್ರೇಟ್ ಎಂಬ ಲವಣವಾಗಿ ಬಾವಿಗೆ ಇಳಿಯದೆ, ಬೆಳೆಗೇ ದಕ್ಕುತ್ತದೆ. ಗೊಬ್ಬರವೂ ಅರ್ಧ ಸಾಕು. ಕಾಡುಹುಲ್ಲೊಂದರ ಈ ಗುಣವನ್ನು ಗೋಧಿಗೆ ಕೂಡಿಸಲು ತಳಿವಿಜ್ಞಾನಿ ಶಾಹಿದಾ ನದಾಫ್ ಅರ್ಧ ಆಯುಷ್ಯ ಸವೆಸಿದ್ದರು.

ಇಂದು ಅವರಿಗೆ ಹೊಲದ ಕಡೆ ಗಮನವೇ ಇರಲಿಲ್ಲ. ನೀರಿನ ನೈಟ್ರೇಟ್ ಅಳೆಯುವ ಮೀಟರು ಹಿಡಿದು ರೈತ ಹೆಂಗಸು ಗುರವ್ವನ ಬಾವಿಕಟ್ಟೆಯ ಮೇಲೆ ಕೂತಿದ್ದರು. ಹಿಂದೆ ಗುರವ್ವನ ಮೊದಲ ಮೊಮ್ಮಗು ನೈಟ್ರೇಟ್ ತುಂಬಿದ್ದ ಈ ನೀರಿನಲ್ಲಿ ಕಲಸಿದ ಹಾಲಿನ ಪುಡಿ ಕುಡಿದು, ಮೈ ನೀಲಿಗಟ್ಟಿ ತೀರಿಕೊಂಡಿತ್ತು. ಅಂದಿನಿಂದ ಊರಿನ ಬಾಣಂತಿಯರು ಗಂಗೆ ಪೂಜೆಯನ್ನು ಬಾವಿಗೆ ಮಾಡಿ, ಕೊಡಕ್ಕೆ ಮಾತ್ರ ಕ್ಯಾನಿನ ನೀರು ತುಂಬಿಕೊಂಡು ಹೋಗುತ್ತಿದ್ದರು. ಗಂಗವ್ವನ ಮುಂದೆ ತಲೆ ತಗ್ಗಿಸುವಂಥ ಪೂಜೆ ಅದು. ಈಗ ಸೊಸೆ ಮತ್ತೆ ಹೆತ್ತಿದ್ದಳು. ಬಾವಿಯ ನೀರನ್ನೇ ಮನೆಗೆ ಒಯ್ಯಬಹುದೇ ಎಂದು ಶಾಹಿದಾ ಹೇಳಬೇಕಿತ್ತು.

ಗುರವ್ವ ಸೇದಿ ಕೊಟ್ಟ ನೀರಿಗೆ ಮೀಟರು ಅದ್ದಿದರು. ಕೆಂಪು ದೀಪ ಹೊತ್ತಿತು.

"ಇರಲಿ ಬಿಡ್ರಿ ಅಕ್ಕಾರ, ಕ್ಯಾನು ತಂದೇನಿ," ಎಂದಳು ಗುರವ್ವ. ಅವಳ ದನಿ ಬಿದ್ದುಹೋಗಿತ್ತು.

ಶಾಹಿದಾ ನೀರು ಚೆಲ್ಲಿ ಬಕೀಟು ನೋಡಿದರು. ತಳದಲ್ಲಿ ಬಿಳಿ ಪುಡಿ ಕಚ್ಚಿಕೊಂಡಿತ್ತು. "ಇದು ಎಲ್ಲೀದು, ಗುರವ್ವಾ?"

"ಹಡದ ಮನಿ ಬಕೀಟು ಮೈಲಿಗಿ ಅಂತ ದ್ರಾಕ್ಷಿ ತ್ವಾಟದಿಂದ ತಂದೇನ್ರಿ. ಅದರಾಗ ಗೊಬ್ಬರ ಕದಡತಾರ..." ಎನ್ನುತ್ತಲೇ ಗುರವ್ವ ಹಣೆ ಬಡಿದುಕೊಂಡಳು. "ಅಯ್ಯ ಶಿವನ! ಇದಕ್ಕಿಂತ ಮೈಲಿಗಿ ಮತ್ಯಾವುದೈತ್ರಿ!"

ಪೂಜೆಗೆಂದು ಬಂದು ನಿಂತಿದ್ದ ಸೊಸೆ ತನ್ನ ತಾಮ್ರದ ಕೊಡವನ್ನೇ ಬಾವಿಗಿಳಿಸಿದಳು. ಈ ಸಲ ಹಸಿರು ದೀಪ. ಶಾಹಿದಾ ಇನ್ನೊಮ್ಮೆ ಅದ್ದಿದರು, ಮತ್ತೆ ಹಸಿರು. ಹೋದ ಜೀವ ಬಂದಂತಾಗಿ ಅವರು ನಕ್ಕುಬಿಟ್ಟರು. ಗುರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಈ ಗೋಧಿ ಬಿತ್ತಾಕ ಹತ್ತಿ ಎಷ್ಟ ವರ್ಷಾತು. ನೀರು ಸುದ್ದಾಗಾಕ ಇಷ್ಟ ತಡಾ ಯಾಕ್ರಿ?" ಎಂದು ಗುರವ್ವ ಕೇಳಿದಳು.

"ಮ್ಯಾಲ ಹಾಕಿದ್ದು ಕೆಳಗ ಮುಟ್ಟಾಕ ವರ್ಷಗಟ್ಟಲೆ ಬೇಕವ್ವಾ. ಎರಡ ಸಾವಿರದ ಇಪ್ಪತ್ತಾರನೇ ಇಸವಿ ಸುಮಾರಿಗೆ ನಿಮ್ಮತ್ತಿ-ಮಾವ ಹೊಲಕ್ಕ ಸುರುವಿದ ಗೊಬ್ಬರಾನ ಆ ಕೂಸು ಕುಡೀತು. ಪಾಪ, ಅವರಿಗೇನ್ ಗೊತ್ತಿತ್ತು."

ಸೊಸೆ ಕೊಡವನ್ನು ಸೊಂಟಕ್ಕೇರಿಸಿಕೊಂಡು ಮನೆಯ ದಾರಿ ಹಿಡಿದಳು. ಗುರವ್ವ ಅವಳ ಹಿಂದೆ ಹೋಗದೆ ಅಲ್ಲೇ ನಿಂತಳು. ಬಕೀಟನ್ನು ನೋಡಿದಳು, ಆಮೇಲೆ ಬಾವಿಯ ಆಚೆಗಿದ್ದ ದ್ರಾಕ್ಷಿ ತೋಟವನ್ನು ನೋಡಿದಳು.

"ಹಂಗಾರ ಅಕ್ಕಾರ, ಅಲ್ಲಿ ಇವತ್ತ ಹಾಕೂದನ್ನ ಯಾರ ಕೂಸು ಕುಡೀತೈತ್ರಿ?"