ಅನುಮಾನದ ರಜೆ

ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ಹುಬ್ಬಳ್ಳಿಯ ಒಂದು ಮನೆಯಲ್ಲಿ, ಗೇಣುದ್ದದ ಬಿಳಿ ಕೊಳವೆಯೊಂದು ಉಸಿರನ್ನು ಒಳಗೆಳೆದುಕೊಂಡು ಹನ್ನೊಂದು ಸೆಕೆಂಡು ಸುಮ್ಮನಿತ್ತು. ಆಮೇಲೆ ಅದರ ತುದಿಯ ದೀಪ ಕೆಂಪಗೆ ಹೊತ್ತಿಕೊಂಡಿತು. ಏಳು ಗಂಟೆಗೆ ಇಂದುಮತಿ ಕಬ್ಬೂರ ಅವರು ನೀರಿನ ಮೀಟರ್ ಕಾರ್ಖಾನೆಯ ತಪಾಸಣಾ ವಿಭಾಗಕ್ಕೆ ಬಂದಾಗ ಅವರ ಪರದೆಯ ಮೇಲೆ ಒಂದು ಸಾಲು ಕಾಯುತ್ತಿತ್ತು: 'ಫಕ್ಕೀರಪ್ಪ ತಳಗೇರಿ. ಅನಾರೋಗ್ಯ. ಏಳು ದಿನ ರಜೆ. ವೈದ್ಯರನ್ನು ಕಾಣತಕ್ಕದ್ದು.'

"ಏಳು ದಿನಾ!" ಎಂದರು ಇಂದುಮತಿ, ಖಾಲಿ ಕೋಣೆಗೆ. ಇಬ್ಬರು ಮಾಡುವ ಕೆಲಸವನ್ನು ಒಬ್ಬರೇ ಮಾಡಬೇಕು. ಅದರ ಮೇಲೆ ಬೆಳಗಿನಿಂದ ಕಾಲು ಬೇರೆ ಬಾತುಕೊಂಡಿತ್ತು.

ಆ ಕೊಳವೆಯ ಹೆಸರು ಶ್ವಾಸದರ್ಶಕ. ಮನುಷ್ಯನ ಉಸಿರಿನಲ್ಲಿ ಸಾವಿರಾರು ಬಗೆಯ ಅಣುಗಳಿರುತ್ತವೆ. ಜ್ವರ ಬಂದರೆ ಒಂದು ಬಗೆ ಹೆಚ್ಚುತ್ತದೆ, ಪಿತ್ತಕೋಶ ಕೆಟ್ಟರೆ ಇನ್ನೊಂದು. ಅವನ್ನೆಲ್ಲ ಎಣಿಸಿ ಕೊಳವೆ ತೀರ್ಪು ಕೊಡುತ್ತಿತ್ತು. ಹಸಿರು ದೀಪ ಹೊತ್ತಿದರೆ ಕೆಲಸಕ್ಕೆ ಹೋಗು ಎಂದರ್ಥ. ಕೆಂಪು ಹೊತ್ತಿದರೆ ಕಾಯಿಲೆ. ಉಸಿರು ಯಾವ ಲೆಕ್ಕಕ್ಕೂ ಸಿಗದಿದ್ದರೆ ಹಳದಿ: ಒಂದು ದಿನ ಮಲಗಿ ನೋಡು. ಈ ಒಂದು ದಿನಕ್ಕೆ 'ಅನುಮಾನದ ರಜೆ' ಎಂಬ ಹೆಸರಿತ್ತು. ವೈದ್ಯರ ಚೀಟಿ, ಮೇಲಧಿಕಾರಿಯ ಹುಬ್ಬುಗಂಟು, ಸತ್ತ ಅಜ್ಜಿಯನ್ನು ಮತ್ತೊಮ್ಮೆ ಸಾಯಿಸುವ ಪಾಪ, ಇವೆಲ್ಲ ಒಂದೇ ಏಟಿಗೆ ಹೋದವು. ಕಾರ್ಮಿಕರು ಅದನ್ನು ಊದುಗೊಳವೆ ಎಂದು ಕರೆದರು. ಒಂದೇ ಷರತ್ತು ಹಾಕಿದ್ದರು: ಉಸಿರು ಯಾರದೆಂದು ಯಂತ್ರ ಗುರುತು ಹಿಡಿಯಕೂಡದು. ತಮ್ಮ ಉಸಿರಿನ ಗುರುತು ಕಂಪನಿಯ ಕೈಗೆ ಸಿಕ್ಕರೆ ಮುಂದೆ ಏನೇನಕ್ಕೆ ಬಳಸುತ್ತಾರೋ ಎಂಬ ಭಯ. ಕಂಪನಿ ಒಪ್ಪಿತು.

ಗುರುತು ಹಿಡಿಯದ ಯಂತ್ರವನ್ನು ನಂಬಿ ಕಂಪನಿ ಸುಮ್ಮನೆ ಕೂರಲಿಲ್ಲ. ಈ ಕಾರ್ಖಾನೆಯಲ್ಲಿ ಪ್ರತಿ ಮೀಟರನ್ನೂ ಇಬ್ಬರು ಓದಿ, ಎರಡೂ ಅಂಕಿ ಕೂಡಿದರೆ ಮಾತ್ರ ಮುದ್ರೆ ಒತ್ತುವ ಪದ್ಧತಿ. ಅದನ್ನೇ ರಜೆಗೂ ತಂದರು. ರಜೆ ಮುಗಿಸಿ ಬಂದವನ ಜೊತೆಗಾರ 'ಸಹಸಾಕ್ಷಿ ಪತ್ರ'ಕ್ಕೆ ಸಹಿ ಹಾಕಬೇಕು: ನನಗೆ ತಿಳಿದಂತೆ ಅನಾರೋಗ್ಯ ನಿಜ, ಅಥವಾ ಸುಳ್ಳು. ಸುಳ್ಳೆಂದು ಸಾಬೀತಾದರೆ ಕೆಲಸ ಹೋಗುತ್ತದೆ. ಸುಳ್ಳನ್ನು ನಿಜವೆಂದು ಬರೆದರೆ ಬರೆದವರದೂ ಹೋಗುತ್ತದೆ.

ಫಕ್ಕೀರಪ್ಪನ ಜೊತೆಗಾರ್ತಿ ಇಂದುಮತಿ. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಒಂದು ಅಂಕಿಯನ್ನೂ ತಪ್ಪು ಬರೆದವರಲ್ಲ, ಒಂದು ದಿನವೂ ಅನಾರೋಗ್ಯದ ರಜೆ ತೆಗೆದುಕೊಂಡವರಲ್ಲ. ಕಂಪನಿ ಕೊಟ್ಟ ಊದುಗೊಳವೆ ಅವರ ಮನೆಯಲ್ಲಿ ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಇದರ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆ. ಇಂಥವರಿಗೆ ಆ ಹೆಮ್ಮೆಯೊಂದನ್ನು ಬಿಟ್ಟುಕೊಡುವುದು ಒಡವೆ ಬಿಟ್ಟುಕೊಟ್ಟಷ್ಟೇ ಕಷ್ಟ.

ಅಂದು ಹತ್ತು ಗಂಟೆಗೆ ಒಂದು ಪ್ರೌಢಶಾಲೆಯಿಂದ ಮೀಟರಿನ ದೂರು ಬಂತು, ಇಂದುಮತಿ ಹೋದರು. ಅಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ನಡೆದಿತ್ತು. ಜಗತ್ತಿನಲ್ಲಿ ಏನೆಲ್ಲ ಬದಲಾದರೂ ಆ ಪರೀಕ್ಷೆ ಬದಲಾಗಿರಲಿಲ್ಲ, ಗೇಟಿನ ಹೊರಗೆ ಕೈ ಹಿಸುಕುತ್ತ ನಿಲ್ಲುವವರೂ ಬದಲಾಗಿರಲಿಲ್ಲ. ಆ ಗುಂಪಿನ ನಡುವೆ, ಬೇವಿನ ಮರದ ಕೆಳಗೆ, ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಬುತ್ತಿ ಹಿಡಿದು ಫಕ್ಕೀರಪ್ಪ ನಿಂತಿದ್ದ. ಕಲ್ಲುಗುಂಡಿನಂತೆ ಗಟ್ಟಿಯಾಗಿದ್ದ. ಇಂದುಮತಿ ಅವನಿಗೆ ಕಾಣದಂತೆ ಹಿಂಬಾಗಿಲಿನಿಂದ ಹೊರಟುಬಿಟ್ಟರು. ತಪ್ಪು ಮಾಡಿದವನು ಅವನು, ಕದ್ದು ಹೊರಟವರು ತಾವು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಇಡೀ ದಿನ ಆ ಸಿಟ್ಟು ಬಿಸಿ ತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ ಅವನ ಸಂಸಾರ ಬೀದಿಗೆ ಬೀಳುತ್ತದೆ. ಹೇಳದಿದ್ದರೆ ತಮ್ಮ ಇಪ್ಪತ್ತೆರಡು ವರ್ಷದ ಸಹಿಗೆ ಏನು ಬೆಲೆ? ಅಷ್ಟಾಗಿಯೂ ಅವನು ಕೆಟ್ಟವನಲ್ಲ. ಈಚೆಗೆ ಇಂದುಮತಿಗೆ ಭಾರ ಎತ್ತಲು ಆಗದೆ ನಿಂತಾಗಲೆಲ್ಲ, ಕೇಳದೆಯೇ ಬಂದು ಎತ್ತಿಡುವವನು ಅವನೇ.

ಗುರುವಾರ ಕಾರ್ಖಾನೆಯ ಚಿಕಿತ್ಸಾಲಯದಿಂದ ಕರೆ ಬಂತು. ಕರೆದವರು ಡಾ. ನಸೀಮಾ ಮಕಾನದಾರ, ಶ್ವಾಸದರ್ಶಕವನ್ನು ರೂಪಿಸಿದ ವಿಜ್ಞಾನಿಗಳಲ್ಲಿ ಒಬ್ಬರು. ಎರಡು ರಾತ್ರಿ ನಿದ್ದೆಗೆಟ್ಟ ಮುಖ.

"ಕೂಡ್ರಿ ಇಂದುಮತಿಯವರ. ನಿಮ್ಮ ಜೊತೆಗಾರರ ಉಸಿರು ನನ್ನ ತಲಿ ಕೆಡಿಸೇತಿ."

"ಯಾಕ್ರೀ ಡಾಕ್ಟರ?"

"ನಮ್ಮ ಮೂತ್ರಪಿಂಡ ರಕ್ತದಾಗಿನ ಕಸ ಸೋಸ್ತದ. ಅದು ಸೋತಾಗ ಆ ಕಸದ ವಾಸನಿ ಉಸಿರಿಗೆ ಬರ್ತದ. ಮನುಷ್ಯಾರ ಮೂಗಿಗೆ ತಿಳಿಯೂದಕಿಂತ ಎಷ್ಟೋ ಮೊದಲ ನಮ್ಮ ಯಂತ್ರಕ್ಕ ತಿಳೀತದ. ಈ ಉಸಿರಿನವರ ಮೂತ್ರಪಿಂಡ ಮೂರರಾಗ ಎರಡು ಪಾಲು ಸೋತಾವ. ಈಗ ಔಷಧ ಸುರು ಮಾಡಿದ್ರ ಇನ್ನೂ ಇಪ್ಪತ್ತು ವರ್ಷ ಚಿಂತಿಲ್ಲ. ಆರು ತಿಂಗಳು ಬಿಟ್ರ ಕಷ್ಟ. ಆದ್ರ ಫಕ್ಕೀರಪ್ಪನ ರಕ್ತ ಇವತ್ತ ನೋಡಿದ್ನಿ. ಅವಂಗ ಏನೂ ಇಲ್ಲ."

"ಹಂಗಾರ ಯಂತ್ರ ತಪ್ಪು ಹೇಳಿತೇನ್ರಿ?"

"ತಪ್ಪರ ಹೇಳಿರಬೇಕು, ಇಲ್ಲಾ ಅಂವ ಬ್ಯಾರೆಯವರ ಉಸಿರು ಕೊಟ್ಟಾನ. ಕೇಳಿದ್ರ, ನಂದರಿ ಅಂತಾನ. ನಿಮಗೇನರ ಗೊತ್ತೈತಿ?"

ಇಂದುಮತಿಯ ನಾಲಿಗೆಯ ತುದಿಗೆ ಬೇವಿನ ಮರ, ನೀರಿನ ಬಾಟಲಿ ಎಲ್ಲ ಬಂದವು. "ನಾಳೆ ಹೇಳ್ತೀನ್ರಿ" ಎಂದು ಎದ್ದರು. ಅವರಿಗೆ ಎಲ್ಲ ಸ್ಪಷ್ಟವಾಗಿತ್ತು. ಆ ಮನೆಯಲ್ಲಿ ಇರುವವರು ಗಂಡ ಹೆಂಡತಿ ಇಬ್ಬರೇ. ಅವನು ಊದಿಸಿದ್ದು ಹೆಂಡತಿ ಹೊನ್ನವ್ವನ ಉಸಿರನ್ನು. ಪಾಪ, ಆಕೆಗೆ ತನ್ನ ಕಾಯಿಲೆಯೇ ಗೊತ್ತಿಲ್ಲ. ಇನ್ನು ಇದು ನಿಯಮದ ಪ್ರಶ್ನೆಯಾಗಿ ಉಳಿಯಲಿಲ್ಲ, ಜೀವದ ಪ್ರಶ್ನೆಯಾಯಿತು. ನಾಳೆ ಹೇಳಲೇಬೇಕು. ಆದರೆ ಅವನಿಗೆ ಮೊದಲು ಮುಖಾಮುಖಿ ಹೇಳಿ, ಆಮೇಲೆ ಹೇಳಬೇಕು.

ಫಕ್ಕೀರಪ್ಪ ಚಿಕಿತ್ಸಾಲಯದ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಇಂದುಮತಿ ಪೀಠಿಕೆ ಹಾಕಲಿಲ್ಲ.

"ಮಂಗಳವಾರ ನಿನ್ನ ಸಾಲಿ ಮುಂದ ನೋಡೀನಿ, ಫಕ್ಕೀರಪ್ಪ."

ಅವನ ಮುಖ ಇಳಿಯಿತು. ಕಾಲ ಬೆರಳನ್ನೇ ನೋಡುತ್ತ ಹೇಳಿದ.

"ಹೊನ್ನವ್ವ ಹತ್ತನೇತ್ತ ಪರೀಕ್ಷಾ ಕಟ್ಟ್ಯಾಳ್ರಿ ಅಕ್ಕಾರ, ನಲವತ್ತೊಂದನೇ ವಯಸ್ಸಿನಾಗ. ಹುಡುಗೂರ ನಡುವ ಒಬ್ಬಾಕಿನ ಹೋಗೂದಿಲ್ಲ, ನೀವು ಗೇಟಿನ್ಯಾಗ ನಿಂತ್ರ ಒಳಗ ಹೊಕ್ಕೇನಿ ಅಂದ್ಲು. ರಜಾ ತಿಂಗಳ ಮೊದಲ ಬರೆದು ಕೊಟ್ಟಿದ್ನಿ. ಪರೀಕ್ಷಾ ಒಂದು ವಾರ ಮುಂದಕ್ಕ ಹಾಕಿದ್ರು. ರಜಾ ಮುಂದಕ್ಕ ಹಾಕಂದ್ರ ಆಫೀಸಿನವರು ಇಲ್ಲಂದ್ರು. ಊದುಗೊಳವಿಗೆ ಇಂಥಾದ್ದೆಲ್ಲ ರೋಗ ಅಲ್ಲಲ್ರಿ."

"ಅದಕ್ಕ ಹೇಂತಿ ಉಸಿರು ಊದಿಸಿದ್ಯಾ? ಕೇಳಿಲ್ಲೆ, ಆ ಉಸಿರಿನವರ ಮೂತ್ರಪಿಂಡ ಕೆಟ್ಟಾವಂತ! ಮೂರರಾಗ ಎರಡು ಪಾಲು! ನಿನ್ನ ನೌಕರಿ ಹೋಗ್ಲಿ, ಇರ್ಲಿ, ಮೊದಲ ಆಕೀನ ಕರಕೊಂಡು ಬಾ."

ಫಕ್ಕೀರಪ್ಪ ತಲೆಯೆತ್ತಿದ. ವೈದ್ಯರು ಅವನಿಗೆ ಇದನ್ನೆಲ್ಲ ಹೇಳಿರಲಿಲ್ಲ.

"ಹೊನ್ನವ್ವಂದಲ್ರಿ" ಎಂದ ಮೆಲ್ಲಗೆ. "ಪುಗ್ಗಾದ್ದು."

ಯಂತ್ರ ಚಾಪೆಯ ಕೆಳಗೆ ತೂರಿದರೆ ಕಾರ್ಮಿಕರು ರಂಗೋಲಿಯ ಕೆಳಗೆ ತೂರಿದ್ದರು. ಪುಗ್ಗಾದಲ್ಲಿ, ಅಂದರೆ ಬಲೂನಿನಲ್ಲಿ, ಎರಡು ಮೂರು ದಿನ ಹಳಸಿದ ಉಸಿರನ್ನು ಕೊಳವೆಯೊಳಗೆ ಬಿಟ್ಟರೆ ಊದುಗೊಳವೆ ಗೊಂದಲಕ್ಕೆ ಬಿದ್ದು ಹಳದಿ ದೀಪ ತೋರಿಸುತ್ತದೆ, ಒಂದು ದಿನ ಸಿಗುತ್ತದೆ. ಫಕ್ಕೀರಪ್ಪ ಬಯಸಿದ್ದೂ ಆ ಒಂದು ದಿನವನ್ನೇ. ಕಾರ್ಖಾನೆಯ ಅರ್ಧಕ್ಕರ್ಧ ಜನಕ್ಕೆ ಇದು ಗೊತ್ತಿತ್ತು. ಗೊತ್ತಿಲ್ಲದವರು ರಜೆಯೇ ಬೇಡದ ಇಂದುಮತಿಯಂಥವರು ಮಾತ್ರ.

"ಯಾವ ಪುಗ್ಗಾ?"

ಅವನು ಇಂದುಮತಿಯ ಪಾದಗಳನ್ನು ನೋಡುತ್ತಿದ್ದ. ಚಪ್ಪಲಿಯ ಪಟ್ಟಿ ಬಾತ ಕಾಲಿನೊಳಗೆ ಹೂತುಹೋಗಿತ್ತು. ನೋಡುತ್ತ ನೋಡುತ್ತ ಅವನ ಕಣ್ಣು ತುಂಬಿದವು.

"ಹಿರೇಮಠರನ್ನ ಬೀಳ್ಕೊಟ್ಟ ದಿವಸದ್ದು, ಅಕ್ಕಾರ. ಕೆಂಪಂದು."

ಆ ಕಾರ್ಖಾನೆಯಲ್ಲಿ ಒಂದು ಹಳೆಯ ಪದ್ಧತಿಯಿದೆ. ನಿವೃತ್ತರಾಗುವವರ ಸಮಾರಂಭದ ಬಲೂನುಗಳನ್ನು ಪಂಪಿನಿಂದ ತುಂಬಿಸುವುದಿಲ್ಲ. ಜೊತೆಗೆ ದುಡಿದವರೇ ಬಾಯಿಯಿಂದ ಊದಬೇಕು, ಒಂದೊಂದು ವಿಭಾಗಕ್ಕೆ ಒಂದೊಂದು ಬಣ್ಣ. ತಪಾಸಣಾ ವಿಭಾಗದ್ದು ಕೆಂಪು. ಸಮಾರಂಭ ಮುಗಿದ ಮೇಲೆ ಬೇಕಾದವರು ಅವನ್ನು ಮನೆಗೆ ಒಯ್ಯುತ್ತಿದ್ದರು. ಕಳೆದ ಶನಿವಾರ, ಹಿರೇಮಠರು ನಿವೃತ್ತರಾದ ದಿನ, ಫಕ್ಕೀರಪ್ಪ ಪೇಡೆ ತರಲು ಧಾರವಾಡಕ್ಕೆ ಹೋಗಿದ್ದರಿಂದ ಇಪ್ಪತ್ತೈದು ಕೆಂಪು ಬಲೂನುಗಳನ್ನೂ ಇಂದುಮತಿ ಒಬ್ಬರೇ ಊದಿದ್ದರು. ಊದಿ ಮುಗಿಸುವಷ್ಟರಲ್ಲಿ ಕಣ್ಣು ಕತ್ತಲಿಟ್ಟು ಸ್ಟೂಲಿನ ಮೇಲೆ ಕೂತಿದ್ದರು. ವಯಸ್ಸಾಯಿತು ಎಂದು ನಕ್ಕಿದ್ದರು.

ಇಂದುಮತಿ ಈಗ ಕಟ್ಟೆಯ ಮೇಲೆ ಕೂತುಬಿಟ್ಟರು. ಅವರಿಗೆ ಹೆದರಿಕೆಯಾಯಿತು, ಚಿಕ್ಕ ಮಕ್ಕಳಿಗೆ ಆಗುವಂಥ ಬರಿಯ ಹೆದರಿಕೆ. ಮಂಗಳವಾರದಿಂದ ಹಿಡಿದಿದ್ದ ತಕ್ಕಡಿಯಲ್ಲಿ ಒಂದು ಕಡೆ ತಾವೇ ಕೂತಿದ್ದೇವೆ ಎಂದು ಅವರು ಎಣಿಸಿರಲಿಲ್ಲ. ತಲೆಯೆತ್ತಿದಾಗ ಫಕ್ಕೀರಪ್ಪ ಪಕ್ಕದಲ್ಲಿರಲಿಲ್ಲ. ಚಿಕಿತ್ಸಾಲಯದ ಬಾಗಿಲು ತೆರೆದಿತ್ತು, ಒಳಗಿನಿಂದ ಅವನ ದೊಡ್ಡ ದನಿ ಕೇಳುತ್ತಿತ್ತು.

"ಸುಳ್ಳ ಊದೀನ್ರಿ ಡಾಕ್ಟರ. ಬೇಕಾರ ಬರಕೋರಿ, ಸಹಿ ಹಾಕ್ತೀನಿ. ಉಸಿರು ನಮ್ಮ ಅಕ್ಕಾರದು. ಮೊದಲ ಅವರ ರಕ್ತ ತಗೋರಿ. ನಂದು ಆಮ್ಯಾಲ ನೋಡೂಣು."

ರಕ್ತ ಪರೀಕ್ಷೆ ಶ್ವಾಸದರ್ಶಕ ಹೇಳಿದ್ದನ್ನೇ ಹೇಳಿತು. ಯಂತ್ರ ಗೆದ್ದಿತ್ತು. ಆದರೆ ಡಾ. ಮಕಾನದಾರರ ಮುಖದಲ್ಲಿ ಗೆದ್ದ ಖುಷಿಯಿರಲಿಲ್ಲ.

"ಸುಳ್ಳ ಹೇಳೋರನ್ನ ಹಿಡೀಲಿಕ್ಕೆ ಆರು ವರ್ಷ ತಲಿ ಕೆಡಿಸಿಕೊಂಡ್ವಿ" ಎಂದರು. "ಊದದನ ಇರೋರ ಬಗ್ಗೆ ಒಬ್ಬರೂ ಯೋಚ್ನೆ ಮಾಡಲಿಲ್ಲ. ಆ ಪೆಟ್ಟಿಗಿ ತಗದಿದ್ರ ವರ್ಷದ ಹಿಂದನ ಗೊತ್ತಾಗತಿತ್ತಲ್ರಿ, ಇಂದುಮತಿಯವರ."

ಶುಕ್ರವಾರ ಸಂಜೆ ಸಹಸಾಕ್ಷಿ ಪತ್ರ ಇಂದುಮತಿಯ ಮುಂದಿತ್ತು. ಫಕ್ಕೀರಪ್ಪ ತಪ್ಪೊಪ್ಪಿಕೊಂಡಾಗಿತ್ತು, ಅವರು 'ಸುಳ್ಳು' ಎಂದು ಗುರುತು ಹಾಕಿದರೆ ಸಾಕು, ಯಾರೂ ಅವರನ್ನು ದೂರುವಂತಿರಲಿಲ್ಲ. ಅವರು ಪೆನ್ನು ಹಿಡಿದರು. ಮೀಟರು ತೋರಿಸಿದ್ದನ್ನೇ ಬರೆಯಬೇಕು, ಅದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಹಾಗೆಯೇ ಬರೆದರು:

'ಅನಾರೋಗ್ಯ ನಿಜ. ಉಸಿರು ನನ್ನದು. ರಜೆಯನ್ನು ಮಾತ್ರ ಶ್ರೀ ತಳಗೇರಿಯವರು ಅನುಭವಿಸಿರುತ್ತಾರೆ. ಆ ದಿನಗಳನ್ನು ನನ್ನ ರಜೆಯಲ್ಲಿ ಕಳೆಯುವುದು.'

ಆಡಳಿತ ಕಚೇರಿ ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿತು. ಕಾಯಿಲೆಯಿಲ್ಲದೆ ರಜೆ ಪಡೆದರೆ ವಜಾ ಎಂದು ನಿಯಮ ಹೇಳುತ್ತಿತ್ತು. ಕಾಯಿಲೆ ಇತ್ತು. ಅದು ಯಾರಲ್ಲಿರಬೇಕು ಎಂದು ಬರೆಯಲು ನಿಯಮ ಮಾಡಿದವರು ಮರೆತಿದ್ದರು. ಕೊನೆಗೆ ಫಕ್ಕೀರಪ್ಪನನ್ನು ಮೂರು ತಿಂಗಳು ಮೀಟರು ಡಬ್ಬಿಗೆ ತುಂಬುವ ವಿಭಾಗಕ್ಕೆ ಹಾಕಿ ಕೈ ತೊಳೆದುಕೊಂಡರು. ಅಂದಿನಿಂದ ಸಮಾರಂಭದ ಬಲೂನುಗಳು ಮನೆಗೆ ಹೋಗುವ ಬದಲು ಡಾ. ಮಕಾನದಾರರ ಕೋಣೆಗೆ ಹೋಗತೊಡಗಿದವು. ಮೊದಲ ಸಲವೇ, ಎಂದೂ ರಜೆ ಕೇಳದ ಇನ್ನಿಬ್ಬರ ಕಾಯಿಲೆ ಸಿಕ್ಕಿಬಿತ್ತು.

ಜೂನ್ ತಿಂಗಳ ಒಂದು ಸೋಮವಾರ ಇಂದುಮತಿ ಆಸ್ಪತ್ರೆಯಲ್ಲಿ ಔಷಧದ ಸೂಜಿ ಚುಚ್ಚಿಸಿಕೊಂಡು ನಾಲ್ಕು ಗಂಟೆ ಮಲಗಿದ್ದು ಹೊರಗೆ ಬಂದರು. ಬೆಂಚಿನ ಮೇಲೆ ಫಕ್ಕೀರಪ್ಪ ಕೂತಿದ್ದ. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಬುತ್ತಿ.

"ಹೊನ್ನವ್ವ ಉಪ್ಪಿಲ್ಲದ್ದು ಮಾಡಿ ಕೊಟ್ಟಾಳ್ರಿ" ಎಂದ. "ಗಣಿತದಾಗ ನಪಾಸಾದ್ಲು. ಮತ್ತ ಕಟ್ಟ್ಯಾಳ."

ಇಂದುಮತಿ ಗೋಡೆಯ ಗಡಿಯಾರ ನೋಡಿದರು. ಹನ್ನೊಂದೂವರೆ, ಪಾಳಿಯ ಹೊತ್ತು. 

"ಇವತ್ತ ಯಾರ ಉಸಿರು ಊದಿ ಬಂದ್ಯೋ?"

"ಯಾರದೂ ಇಲ್ರಿ" ಎಂದ ಫಕ್ಕೀರಪ್ಪ, ಅವನಿಗೇ ನಂಬಿಕೆಯಾಗದವನಂತೆ. "ಅಕ್ಕಾರ ಕೂಡ ಕುಂದ್ರಬೇಕಾಗೇತಿ ಅಂತ ರಜಾ ಕೇಳಿದ್ನಿ. ಕೊಟ್ರು."