ಏಳನೆಯ ತಂತಿ ಎಲ್ಲಿತ್ತು?

ಸಂಗೀತ ಸರಿಯಾಗಿ ಕಲಿಯದವರು ಗಿಟಾರಿನ ಕತೆ ಹೇಳಬಾರದು. ಆದರೂ ಹೇಳಹೊರಟದ್ದಾಯಿತು. ಬಲ್ಲವರು ತಪ್ಪು ಕಂಡಲ್ಲಿ ತಿದ್ದಿಕೊಳ್ಳಬೇಕು, ಚಿಕ್ಕವರು ಜರಾ ತಾಳಿಕೊಳ್ಳಬೇಕು.

"ಪದ್ದೀ, ಗಿಟಾರ್ ಹ್ಯಾಂಗದ?"

ಫೋನಿನಲ್ಲಿ ಪವಮಾನ ಕಾಕಾ. ಅವನ ಹಿಂದೆ ಸೇಡಂ ಬಸ್ ಸ್ಟ್ಯಾಂಡಿನ ಗದ್ದಲ. ಐತವಾರ ಮುಂಜಾನೆ ಏಳು ಗಂಟೆ.

"ಬರೋಬರಿ ಅದ ಕಾಕಾ," ಅಂದಳು ಪದ್ಮಶ್ರೀ. "ನಿನಗೊಂದು ಸರ್‌ಪ್ರೈಸ್ ಅದ—"

"ಮೊದ್ಲ ನಂದು ಕೇಳು. ಹೋದ ಐತವಾರ ತಂತಿ ಹೊಂದಿಸಿದ್ನಲ್ಲ, ಅದು ಹಂಗೇ ಇರ್ಲಿ. ಮೂರು ತಿಂಗಳು ಹುಡುಕಿದ ಮ್ಯಾಲೆ ಸಿಕ್ಕದ. ಗಾಡಿ ಟೈಮಾಯ್ತಂತ ಬರ್ಕೊಳ್ಳದೇ ಓಡಿ ಬಂದೆ. ಇವತ್ತು ಟೇಪ್ ರೆಕಾರ್ಡರ್ ತರ್ಲಿಕತ್ತೀನಿ. ಅಜ್ಜಿ ಹಾಡು, ನನ್ನ ಗಿಟಾರ್! ಹನ್ನೆರಡರ ಗಾಡಿಗೆ ವಾಡಿಗೆ ಬರ್ತೀನಿ, ಮನೀಗೆ. ಅಲ್ಲೀತನಾ ಕಿವಿಗೆ ಯಾರೂ ಕೈ ಹಚ್ಚಬಾರ್ದು. ನಿನ್ನ ಜವಾಬ್ದಾರಿ, ಹಾಂ?"

ಟಕ್ಕನೆ ಲೈನ್ ಕಟ್ಟಾಯಿತು.

ಪದ್ಮಶ್ರೀ ಫೋನ್ ಹಿಡಿದುಕೊಂಡೇ ನಿಂತಳು. ಕಿವಿ ಅಂದರೆ ತಂತಿ ಬಿಗಿಮಾಡುವ ಗುಂಡಿಗಳು. ಅವಳು ಗುರುವಾರವೇ ಅವಕ್ಕೆ ಕೈ ಹಚ್ಚಿದ್ದಳು. ಅದೇ ಅವಳ ಸರ್‌ಪ್ರೈಸ್ ಆಗಿತ್ತು.

ಆ ಗಿಟಾರಿಗೆ ಏಳು ತಂತಿ. ಶಾಲೆಯ ಅಬ್ದುಲ್ ಕರೀಮ್ ಸರ್ ಗಿಟಾರಿಗೆ ಆರೇ. ಕಾಕಾ ಇದನ್ನು ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು ತಂದಿದ್ದ. ಏಳನೆಯ ತಂತಿ ಎಲ್ಲಕ್ಕಿಂತ ದಪ್ಪ. ಮೀಟಿದರೆ ಎಮ್ಮೆ ಗುಟುರು ಹಾಕಿದಂತೆ ಕೇಳಿಸುತ್ತಿತ್ತು.

ಗುರುವಾರ ಪದ್ಮಶ್ರೀ ಸರ್ ಹತ್ತಿರ ತಂತಿಗಳ ಹೆಸರು ಬರೆಸಿಕೊಂಡು ಬಂದಿದ್ದಳು. ಜೊತೆಗೆ ಸ್ವರ ಕೊಡುವ ಒಂದು ಪೀಪಿ. ಅದರಲ್ಲಿ ಆರು ತೂತು, ಒಂದೊಂದು ತಂತಿಗೆ ಒಂದೊಂದು. ಊದಿ ನೋಡಿದರೆ ಕಾಕಾನ ಗಿಟಾರಿನ ಎಷ್ಟೋ ತಂತಿ ಅದಕ್ಕೆ ಕೂಡಲಿಲ್ಲ. "ತಂತಿ ಸಡ್ಲ ಬಿದ್ದಾವ, ಪಾಪ," ಅಂದುಕೊಂಡು ಕೂಡದ್ದನ್ನು ಒಂದೊಂದೇ ಬಿಗಿಮಾಡಿ ಪೀಪಿಗೆ ಕೂಡಿಸಿದ್ದಳು. ಪೀಪಿಯಲ್ಲಿ ತೂತೇ ಇಲ್ಲದ ಏಳನೆಯದನ್ನು ಅಂದಾಜಿನ ಮೇಲೆ ಎಷ್ಟು ಸುತ್ತು ತಿರುವಿದಳೋ ಲೆಕ್ಕ ಇಟ್ಟಿರಲಿಲ್ಲ.

ಈಗ ಅಳು ಬಂತು. ಆದರೆ ಅಳುತ್ತ ಕೂತರೆ ಹನ್ನೆರಡು ಆಗಿಬಿಡುತ್ತದೆ. ಅಪ್ಪ ಅವ್ವ ರಾವೂರಿಗೆ ಮದುವೆಗೆ ಹೋಗಿದ್ದರು. ಮನೆಯಲ್ಲಿದ್ದವರು ಅಜ್ಜಿ ರುಕ್ಮಿಣಿಬಾಯಿ ಒಬ್ಬರೇ.

"ಅಜ್ಜೀ..." ಎಂದು ಗಿಟಾರ್ ಎತ್ತಿಕೊಂಡು ಓಡಿದಳು.

"ನಿಲ್ಲಲ್ಲೇ! ಮಡೀಲಿದ್ದೀನಿ!"

ಸ್ನಾನ ಮಾಡಿ ಮಡಿ ಸೀರೆ ಉಟ್ಟರೆ, ಪೂಜೆ ನೈವೇದ್ಯ ಮುಗಿಯುವ ತನಕ ಅಜ್ಜಿಯನ್ನು ಯಾರೂ ಮುಟ್ಟುವಂತಿರಲಿಲ್ಲ.

"ಅದರ ಪಟ್ಟಿ ಚರ್ಮದ್ದದ. ಹೊಸ್ತಿಲ ಆಚೀಗೇ ಕುಂದರು. ಈಗ ಹೇಳು, ಯಾಕ ಮಾರಿ ಹಂಗ ಮಾಡೀದಿ?"

ಪದ್ಮಶ್ರೀ ಎಲ್ಲಾ ಹೇಳಿದಳು. ಅಜ್ಜಿ ಹೂಬತ್ತಿ ಹೊಸೆಯುತ್ತಲೇ ಕೇಳಿದರು.

"ಮೀಟು ನೋಡೋಣು. ಒಂದೊಂದೇ."

ಮೀಟಿದಳು. ನಾಲ್ಕನೆಯ ತಂತಿಗೆ ಅಜ್ಜಿಯ ಕೈ ನಿಂತಿತು. "ಇದು ಎಲ್ಲಿಗೂ ಹೋಗಿಲ್ಲಲ್ಲ. ಇದು ನನ್ನ ಸಾ. ಹೋದ ವಾರ ಇದ್ರ ಮ್ಯಾಲೇ ಹಾಡೀನಿ."

ಪದ್ಮಶ್ರೀಗೆ ಫಕ್ಕನೆ ನೆನಪಾಯಿತು. ಗುರುವಾರ ಎರಡು ತಂತಿ ಮಾತ್ರ ಪೀಪಿಗೆ ಮೊದಲೇ ಕೂಡಿದ್ದವು. ನಾಲ್ಕನೆಯದು, ಐದನೆಯದು. ಅವನ್ನು ಅವಳು ತಿರುವಿರಲೇ ಇಲ್ಲ.

"ಐದನೇದು ಮೀಟು. ಹಾಂ, ಪಾ. ಆರನೇದು? ಅಯ್ಯ, ಅದು ಎಲ್ಲೋ ಹೋಗ್ಯದ. ಇಳಿಸು... ಇಳಿಸು... ಜರಾ ಇನ್ನೂ. ಬಸ್!"

ಅಜ್ಜಿ ಒಳಗಿನಿಂದ ಹಾಡುವುದು, ಪದ್ಮಶ್ರೀ ಹೊರಗಿನಿಂದ ಕಿವಿ ತಿರುವುವುದು. ನಡುವೆ ಹೊಸ್ತಿಲು. ಸಾ, ಪಾ, ಸಾ ಆಯಿತು. ಮೂರನೆಯ ತಂತಿ ಗಾ, ಎರಡನೆಯದು ಪಾ, ಒಂದನೆಯದು ಮೇಲಿನ ಸಾ. ಆ ಗಾ ಭಾಳ ಸತಾಯಿಸಿತು. ಅಜ್ಜಿಯ ಒಲೆಯ ಮೇಲಿನ ಸಾರು ಎರಡು ಸಲ ಉಕ್ಕಿತು.

"ನಿಮ್ಮ ಕಾಕಾನ ಸಲುವಾಗಿ ದೇವರಿಗೆ ಇವತ್ತು ಅರ್ಧ ಸಾರು," ಅಂದರು ಅಜ್ಜಿ.

ಪದ್ಮಶ್ರೀ ಆರೂ ತಂತಿಗಳ ಮೇಲೆ ಹೆಬ್ಬೆರಳು ಎಳೆದಳು. ಎಡಗೈ ಸುಮ್ಮನೆ ತೊಡೆಯ ಮೇಲಿತ್ತು. ಯಾವ ತಂತಿಯನ್ನೂ ಒತ್ತಿರಲಿಲ್ಲ. ಆದರೂ ಮನೆ ತುಂಬಿದಂತಾಯಿತು. ಸರ್ ಹೇಳಿದಂತೆ ಬೆರಳು ಚಾಚಿ ಚಾಚಿ ನೋಯಿಸಿಕೊಂಡರೂ ಇಂಥ ನಾದ ಅವಳಿಗೆ ಒಮ್ಮೆಯೂ ಬಂದಿರಲಿಲ್ಲ.

"ಈಗ ಏಳನೇದು, ಅಜ್ಜಿ."

ಅಜ್ಜಿ ತಲೆ ಅಲ್ಲಾಡಿಸಿದರು. "ಅದರ ಸ್ವರ ನನಗ ತಿಳಿಯಂಗಿಲ್ಲವ್ವ. ಗುಂಯ್ ಅಂತದ, ಅಷ್ಟೇ. ನನ್ನ ಕಿವಿಗೂ ಎಪ್ಪತ್ತು ಆದ್ವು. ಆದ್ರ ಹೋದ ಐತವಾರ ಪವಮಾನ ಅದನ್ನ ಮೀಟಿದಾಗೊಮ್ಮೆ ಮಾಡದಾಗಿನ ಉದ್ಧರಣಿ ಕುಣೀತಿತ್ತು ನೋಡು. ತಲಿ ಚಿಟ್ಟು ಹಿಡಿದು ಮರುದಿನ ನಾನೇ ಅದರಾಗ ಅರಳಿ ತುರುಕೀನಿ."

ಪಡಸಾಲೆಯ ಗೋಡೆಯಲ್ಲಿ ಶಹಾಬಾದ ಕಲ್ಲಿನ ಮಾಡ. ಅದರಲ್ಲಿ ತೀರಿಹೋದ ಅಜ್ಜನ ಪಂಚಪಾತ್ರೆ, ಅಂದರೆ ಸಂಧ್ಯಾವಂದನೆಯ ತಾಮ್ರದ ಲೋಟ. ಒಳಗೆ ಉದ್ಧರಣೆ, ಅಂದರೆ ಸಣ್ಣ ಚಮಚ. ಪದ್ಮಶ್ರೀ ಅಜ್ಜಿ ತುರುಕಿದ್ದ ಹತ್ತಿಯನ್ನು ಕಿತ್ತು ತೆಗೆದಳು.

ಏಳನೆಯ ತಂತಿ ಮೀಟಿದಳು. ಚಮಚ ಸುಮ್ಮನಿತ್ತು. ಇಳಿಸಿದಳು. ಇನ್ನೂ ಸುಮ್ಮನಿತ್ತು. ಮತ್ತಷ್ಟು ಇಳಿಸಿ ಮೀಟಿದಳು.

ಕಿಣಿಕಿಣಿಕಿಣಿ!

"ಸಿಕ್ಕಿತು!" ಪದ್ಮಶ್ರೀ ಕೂತಲ್ಲೇ ಕುಣಿದಳು. ಅಲ್ಲಿಗೇ ನಿಲ್ಲಿಸಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಪದ್ಮಶ್ರೀ ಲೆಕ್ಕ ಬಿಡಿಸಿ ಮೂರು ಸಲ ತಾಳೆ ನೋಡುವ ಹುಡುಗಿ. ಇನ್ನೂ ಚೂರು ಇಳಿಸಿ ನೋಡಿದಳು. ಚಮಚ ಸುಮ್ಮನಾಯಿತು. ಇನ್ನಷ್ಟು ಇಳಿಸಿದಳು.

ಕಿಣಿಕಿಣಿಕಿಣಿ!

"ಅಜ್ಜೀ! ಎರಡು ಕಡೆ ಕುಣೀತದ!"

ಉಳಿದ ತಂತಿಗಳ ಜೊತೆ ಹೋಲಿಸಿದರೆ ಮೊದಲನೆಯದು ತಳದ ಪಾ, ಎರಡನೆಯದು ಅದರ ಕೆಳಗಿನ ಮಾ. ಅಜ್ಜಿ ಎರಡಕ್ಕೂ ಹಾಡಿನ ಒಂದು ಸಾಲು ಹಾಡಿ ನೋಡಿದರು. "ಎರಡೂ ಕೂಡ್ತಾವಲ್ಲೇ," ಅಂದರು ಬೇಜಾರಿನಿಂದ.

ಮೇಲೆ ಒಯ್ದಳು, ಕೆಳಗೆ ತಂದಳು. ಸ್ಟೇಷನ್ ಕಡೆಯಿಂದ ಗಾಡಿಯ ಸೀಟಿ ಕೇಳಿಸಿತು. ಪಾ ಹತ್ತಿರ ಬಿಟ್ಟಳು.

"ಅಜ್ಜಿ, ಕಾಕಾ ಕೇಳಿದ್ರ ಏನ್ ಹೇಳ್ತೀ?"

"ಮಡಿಯಾಗ ಸುಳ್ಳು ಹೇಳಂಗಿಲ್ಲವ್ವ ನಾ."

"ಊಟ ಆದ ಮ್ಯಾಲೆ?"

"ಆವಾಗ ನನಗ ನಿದ್ದಿ ಬರ್ತದ. ನೀನೇ ನೋಡ್ಕೋ."

ಕಾಕಾ ಬಂದ. ಚಪ್ಪಲಿ ಬಿಟ್ಟವನೇ ಗಿಟಾರ್ ಎತ್ತಿಕೊಂಡು ಒಮ್ಮೆ ಮೀಟಿದ. ಮುಖ ಅರಳಿತು. "ವಾಹ್! ಒಂದು ವಾರ ಆದ್ರೂ ಜರಾನೂ ಇಳಿದಿಲ್ಲ!"

ಈಗ ಸುಮ್ಮನಿದ್ದರೆ ಸಾಕಿತ್ತು. ಪದ್ಮಶ್ರೀ ಗೋಡೆಗೆ ಆನಿಕೊಂಡು ನಿಂತಳು. ಸುಮ್ಮನಿರುವುದು ಹೇಳುವುದಕ್ಕಿಂತ ಕಷ್ಟವಾಯಿತು.

"ಕಾಕಾ, ಇಳಿದಿಲ್ಲಂತಲ್ಲ. ನಾ ಏರಿಸಿದ್ದೆ. ಗುರುವಾರ. ಆಮ್ಯಾಲೆ ಅಜ್ಜಿ ಹಾಡಿ ಹಾಡಿ ಹೊಳ್ಳಿ ಮೊದಲಿನಂಗ ಇಳಿಸಿದ್ವಿ. ಆರು ಖರೇ ಅವ. ಏಳನೇದು ನನಗ ಗೊತ್ತಿಲ್ಲ."

ಕಾಕಾನ ಮುಖ ಬಾಡಿತು. ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ಏಳನೆಯ ತಂತಿಯೊಂದನ್ನೇ ಮೀಟಿದ. ಮಾಡದಲ್ಲಿ ಚಮಚ ಕುಣಿಯಿತು. ಕಿವಿ ತಿರುವಿ ಮಾ ಹತ್ತಿರ ಇಳಿಸಿದ. ಅಲ್ಲೂ ಕುಣಿಯಿತು. ಮತ್ತೆ ಏರಿಸಿದ. ಕಣ್ಣು ಮುಚ್ಚಿದ.

"ಎಲ್ಲಿತ್ತು, ಕಾಕಾ?"

"ವಾರ ಪೂರಾ ತಲ್ಯಾಗ ಇತ್ತಲೇ," ಅಂದ ಕಾಕಾ. "ಈಗ ಎರಡೂ ಅದೇ ಅನಿಸ್ಲಿಕತ್ಯಾವ." ಆಮೇಲೆ ಸಣ್ಣಗೆ ನಕ್ಕ. "ಅಲ್ಲ, ಮಾ ತನಕ ಇಳಿಸಿ ನಾ ನೋಡೇ ಇರ್ಲಿಲ್ಲೋ, ನೋಡಿ ಮರ್ತೀನೋ... ಎಲ್ಲಿ, ನೀ ಮೀಟು. ನಾ ದೂರ ನಿಂತು ಕೇಳ್ತೀನಿ."

ಊಟವಾಯಿತು. ಅಜ್ಜಿ ಮಲಗಲಿಲ್ಲ. ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿ ಕಾಕಾ ಗಿಟಾರ್ ಹಿಡಿದ. ತಂತಿ ಪಾ ಮೇಲೇ ಇತ್ತು. ಅಜ್ಜಿ ಹಾಡಿದರು. ನಡುನಡುವೆ ಚಮಚ ಕಿಣಿಕಿಣಿ ಎನ್ನುತ್ತಿತ್ತು. ಪದ್ಮಶ್ರೀ ಹತ್ತಿ ತುರುಕಲು ಎದ್ದಳು. ಕಾಕಾ ಬಾರಿಸುತ್ತಲೇ ಬೇಡ ಎಂದು ತಲೆ ಅಲ್ಲಾಡಿಸಿದ.

ಸಂಜೆ ಪದ್ಮಶ್ರೀ ನೋಟ್‌ಬುಕ್ ತೆಗೆದಳು. ಕರೀಮ್ ಸರ್ ಬರೆದುಕೊಟ್ಟ ಸಾಲು ಅಲ್ಲಿತ್ತು. ಅದನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಪೆನ್ನಿನಿಂದ ಆರು ತಂತಿಗಳ ಸ್ವರ ಬರೆದಳು. ಏಳನೆಯದಕ್ಕೆ ಪೆನ್ನು ಕೆಳಗಿಟ್ಟು ಪೆನ್ಸಿಲ್ ಹುಡುಕಿದಳು. ಪಾ ಎಂದು ಬರೆದು, ಪಕ್ಕದಲ್ಲಿ ಮಾ ಎಂಬುದಕ್ಕೂ ಜಾಗ ಬಿಟ್ಟಳು.

ಕಾಕಾ ಮೂರು ತಿಂಗಳು ಹುಡುಕಿದ್ದು ಇವೆರಡರಲ್ಲಿ ಯಾವುದು? ಆ ಕ್ಯಾಸೆಟ್ಟಿನಲ್ಲಿ ಇರುವುದು ಆ ದಿನದ ತಂತಿ ಮಾತ್ರ. ಅದರ ಹಿಂದಿನ ಐತವಾರ ಅದು ಎಲ್ಲಿತ್ತೋ, ಕತೆ ಹೇಳಿದವರಿಗೂ ತಿಳಿಯದು.